ಹೂಟಗಳ್ಳಿಯಲ್ಲಿ ‘ಫಿಲ್ಟರ್ಡ್’, ತೂಬಿನಕೆರೆಯಿಂದ ಎಲ್ಲಾ ‘ಓಪನ್’: ಎನ್‌ಮ್ಯಾಪ್ ಉತ್ತರ ಯಾವುದನ್ನು ನಂಬೋದು?

ಹೂಟಗಳ್ಳಿ_ಐಟಿ

ನಮಸ್ಕಾರ. ಮೈಸೂರಿನ ಹೂಟಗಳ್ಳಿಯ ಒಂದು ಸಣ್ಣ ಕಾರ್ಖಾನೆಯ ನೆಟ್‌ವರ್ಕ್ ಇದು. ಮಂಡ್ಯ ಕಡೆ ತೂಬಿನಕೆರೆಯಲ್ಲಿ ಇದರದ್ದೇ ಗೋದಾಮು, ಎರಡರ ನಡುವೆ ವಿಪಿಎನ್. ಆಡಿಟ್‌ಗೆ ಮುಂಚೆ ಯಾವ ಯಂತ್ರದಲ್ಲಿ ಯಾವ ಪೋರ್ಟ್ (ಸೇವೆಗಳಿಗೆ ಇರುವ ಸಂಖ್ಯೆಯ ಬಾಗಿಲು) ತೆರೆದಿದೆ ಎಂಬ ಪಟ್ಟಿ ಬೇಕು. ಆಡಳಿತದಿಂದ ಲಿಖಿತ ಅನುಮತಿ ಪಡೆದಾಗಿದೆ. ಆದರೆ ಪೋರ್ಟ್ ತಟ್ಟಿ ನೋಡುವ ಸ್ಕ್ಯಾನ್ ಸಾಧನ ಎನ್‌ಮ್ಯಾಪ್ ಕೊಡುವ ಉತ್ತರಗಳು ಒಂದಕ್ಕೊಂದು ತಾಳೆ ಬೀಳುತ್ತಿಲ್ಲ.

ಮೊದಲನೆಯದು, ಕಚೇರಿಯ 192.168.10.0/24 ಸ್ಕ್ಯಾನ್ ಮಾಡಿದರೆ 11 ಯಂತ್ರ ಮಾತ್ರ ಸಿಗುತ್ತವೆ. ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಪಟ್ಟಿಯಲ್ಲಿ 40ರ ಮೇಲಿವೆ. ಸಿಕ್ಕ 11ರಲ್ಲಿ ಹೆಚ್ಚಿನವು ಪ್ರಿಂಟರ್, ಸಿಸಿಟಿವಿ ಡಿವಿಆರ್, ಸ್ವಿಚ್. ವಿಂಡೋಸ್ ಪಿಸಿ ಒಂದೂ ಇಲ್ಲ.

ಎರಡನೆಯದು, ಟ್ಯಾಲಿ ಇರುವ ವಿಂಡೋಸ್ ಸರ್ವರ್ 192.168.10.20. ಮೊದಲ ಸ್ಕ್ಯಾನ್ ಅರ್ಧದವರೆಗೆ ಸರಿಯಾಗಿ ಹೋಗುತ್ತದೆ, ಆಮೇಲೆ ಎಲ್ಲ ಪೋರ್ಟ್ ‘ಫಿಲ್ಟರ್ಡ್’. ಪಿಂಗ್ ಕೂಡ ನಿಲ್ಲುತ್ತದೆ. ಸುಮಾರು 10 ನಿಮಿಷ ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ. ಅದೇ ಹೊತ್ತಿನಲ್ಲಿ ಅಕೌಂಟ್ಸ್ ವಿಭಾಗದವರು ಯಾವ ತೊಂದರೆಯೂ ಇಲ್ಲದೆ ಟ್ಯಾಲಿ ಬಳಸುತ್ತಿರುತ್ತಾರೆ.

ಮೂರನೆಯದು, ತೂಬಿನಕೆರೆಯಿಂದ ವಿಪಿಎನ್ ಮೂಲಕ ಅದೇ ಸರ್ವರ್ ಸ್ಕ್ಯಾನ್ ಮಾಡಿದರೆ 1000ಕ್ಕೆ 1000 ಪೋರ್ಟ್ ‘ಓಪನ್’! ಸರ್ವರ್‌ನಲ್ಲಿ ಅಷ್ಟು ಸೇವೆಗಳು ಖಂಡಿತ ಇಲ್ಲ.

ಬಳಸುತ್ತಿರುವುದು ವಿಂಡೋಸ್ 11 ಲ್ಯಾಪ್‌ಟಾಪ್, ಅದರೊಳಗೆ ಡಬ್ಲ್ಯೂಎಸ್‌ಎಲ್2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಉಬುಂಟು, ಎನ್‌ಮ್ಯಾಪ್ ಅದರಲ್ಲೇ. ಎರಡೂ ಕಡೆ ಗೇಟ್‌ವೇ ಆಗಿ ಫೈರ್‌ವಾಲ್ ಪೆಟ್ಟಿಗೆ ಇದೆ. ಎಲ್ಲಿಂದ ಹುಡುಕಲು ಶುರು ಮಾಡಬೇಕು?

ಪ್ಯಾಕೆಟ್_ಮೈಸೂರು

ಮೂರಕ್ಕೂ ಕಾರಣ ಬೇರೆ ಬೇರೆ. ಒಂದೇ ಮದ್ದು ಹುಡುಕಿದರೆ ದಾರಿ ತಪ್ಪುತ್ತದೆ. ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ಆಯ್ಕೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ನಿಮ್ಮ ಫಲಿತಾಂಶದಲ್ಲಿ ಯಂತ್ರಗಳ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ) ವಿಳಾಸದ ಸಾಲು ಬರುತ್ತಿದೆಯೇ? ಬರುತ್ತಿರಲಾರದು. ಡಬ್ಲ್ಯೂಎಸ್‌ಎಲ್2 ಮಾಮೂಲಿ ಸ್ಥಿತಿಯಲ್ಲಿ ವಿಂಡೋಸ್‌ನ ಹಿಂದೆ ನ್ಯಾಟ್‌ನಲ್ಲಿ (ವಿಳಾಸ ಬದಲಿಸಿ ಕಳಿಸುವ ವ್ಯವಸ್ಥೆ) ಕೂತಿರುತ್ತದೆ. ಉಬುಂಟು ಒಳಗೆ ‘ಐಪಿ ಅಡ್ರ್’ ಕೊಟ್ಟು ನೋಡಿ, 172ರಿಂದ ಶುರುವಾಗುವ ವಿಳಾಸ ಕಾಣುತ್ತದೆ. ಅಂದರೆ ಎನ್‌ಮ್ಯಾಪ್ ಲೆಕ್ಕದಲ್ಲಿ 192.168.10.0/24 ಪಕ್ಕದ ನೆಟ್‌ವರ್ಕ್ ಅಲ್ಲ, ರೂಟರ್ ದಾಟಿ ಹೋಗಬೇಕಾದ ದೂರದ ನೆಟ್‌ವರ್ಕ್. ಒಂದೇ ಸಬ್‌ನೆಟ್‌ನಲ್ಲಿದ್ದಿದ್ದರೆ ಅದು ಎಆರ್‌ಪಿ (‘ಈ ಐಪಿಯ ಮ್ಯಾಕ್ ವಿಳಾಸ ಯಾವುದು’ ಎಂಬ ಪ್ರಶ್ನೆ) ಕಳಿಸಿ ಕೇಳುತ್ತಿತ್ತು. ಎಆರ್‌ಪಿಗೆ ಉತ್ತರ ಕೊಡದ ಯಂತ್ರ ಆ ನೆಟ್‌ವರ್ಕ್‌ನಲ್ಲಿ ಐಪಿವಿ4 ಮಾತಾಡಲು ಸಾಧ್ಯವೇ ಇಲ್ಲ. ವಿಂಡೋಸ್ ಫೈರ್‌ವಾಲ್ ಎಷ್ಟೇ ಬಿಗಿಯಾಗಿದ್ದರೂ ಎಆರ್‌ಪಿಯನ್ನು ತಡೆಯುವುದಿಲ್ಲ.

ದೂರದ ನೆಟ್‌ವರ್ಕ್ ಎಂದಾಗ ಎನ್‌ಮ್ಯಾಪ್ ಬೇರೆ ನಾಲ್ಕು ಪ್ಯಾಕೆಟ್ ಕಳಿಸುತ್ತದೆ: ಐಸಿಎಂಪಿ ಎಕೋ (ಪಿಂಗ್), 443ಕ್ಕೆ ಸಿನ್ (ಸಂಪರ್ಕ ಕೇಳುವ ಪ್ಯಾಕೆಟ್), 80ಕ್ಕೆ ಆ್ಯಕ್ (ಸ್ವೀಕೃತಿ ಪ್ಯಾಕೆಟ್), ಐಸಿಎಂಪಿ ಟೈಮ್‌ಸ್ಟ್ಯಾಂಪ್. ರೂಟ್ ಹಕ್ಕಿಲ್ಲದೆ, ಅಂದರೆ ಸುಡೋ ಹಾಕದೆ ಓಡಿಸಿದರೆ ಇನ್ನೂ ಕಡಿಮೆ, 80 ಮತ್ತು 443ಕ್ಕೆ ಸಂಪರ್ಕ ಪ್ರಯತ್ನ ಅಷ್ಟೇ. ವಿಂಡೋಸ್ ಪಿಸಿ ಇವಕ್ಕೆಲ್ಲ ಮೌನವಾಗಿರುತ್ತದೆ. ವೆಬ್ ಪುಟ ಇರುವ ಪ್ರಿಂಟರ್, ಡಿವಿಆರ್, ಸ್ವಿಚ್ ಮಾತ್ರ ಉತ್ತರ ಕೊಡುತ್ತವೆ. ನಿಮಗೆ ಸಿಕ್ಕ 11 ಅವೇ.

ಪರಿಹಾರ: ವಿಂಡೋಸ್‌ಗೆ ಇರುವ ಎನ್‌ಮ್ಯಾಪ್ ಇನ್‌ಸ್ಟಾಲರ್ ಹಾಕಿ, ಜೊತೆಗೆ ಪ್ಯಾಕೆಟ್ ಹಿಡಿಯುವ ಎನ್‌ಪಿಕ್ಯಾಪ್ ಬರುತ್ತದೆ, ಅದನ್ನು ಬಿಡಬೇಡಿ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎನ್‌ಮ್ಯಾಪ್ -ಎಸ್‌ಎನ್ 192.168.10.0/24’ ಕೊಡಿ (ಪೋರ್ಟ್ ತಟ್ಟದೆ ಯಂತ್ರ ಮಾತ್ರ ಹುಡುಕುತ್ತದೆ). ವೈಫೈ ಬೇಡ, ಕೇಬಲ್ ಹಾಕಿ. ಎಷ್ಟೋ ಆ್ಯಕ್ಸೆಸ್ ಪಾಯಿಂಟ್‌ಗಳಲ್ಲಿ ಕ್ಲೈಂಟ್ ಐಸೋಲೇಶನ್ ಆನ್ ಆಗಿರುತ್ತದೆ, ಆಗ ಎಆರ್‌ಪಿಯೂ ಪಕ್ಕದ ಯಂತ್ರ ಮುಟ್ಟುವುದಿಲ್ಲ.

‘ಯಂತ್ರ ಸಿಗ್ತಿಲ್ಲ, -ಪಿಎನ್ ಹಾಕಿ’ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಇರುವುದು ಖಚಿತವಾದ ಒಂದು ಯಂತ್ರಕ್ಕೆ ಅದು ಸರಿ. ಡಬ್ಲ್ಯೂಎಸ್‌ಎಲ್ ಒಳಗಿಂದ ಇಡೀ ಸಬ್‌ನೆಟ್‌ಗೆ ಹಾಕಿದರೆ 256 ವಿಳಾಸವೂ ಬದುಕಿವೆ ಅಂತ ಎನ್‌ಮ್ಯಾಪ್ ನಂಬಿಕೊಳ್ಳುತ್ತದೆ. ಖಾಲಿ ವಿಳಾಸಗಳಿಗೂ ಸಾವಿರ ಪೋರ್ಟ್ ತಟ್ಟುತ್ತಾ ಗಂಟೆಗಟ್ಟಲೆ ಕೂರುತ್ತದೆ, ಕೊನೆಗೆ ಪಟ್ಟಿಯೂ ಸುಳ್ಳು.

ಇನ್ನೊಂದು ಎಚ್ಚರಿಕೆ. ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಡೈನಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ (ಸುಳ್ಳು ಎಆರ್‌ಪಿ ತಡೆಯುವ ಕಾವಲು) ಆನ್ ಇದೆಯೇ ಅಂತ ಮೊದಲೇ ನೋಡಿ. ಸಿಸ್ಕೋ ಸ್ವಿಚ್‌ಗಳಲ್ಲಿ ಅದರ ಮಾಮೂಲಿ ಮಿತಿ, ನಂಬಿಕೆಯಿಲ್ಲದ ಪೋರ್ಟ್‌ಗೆ ಸೆಕೆಂಡಿಗೆ 15 ಎಆರ್‌ಪಿ. ಮೀರಿದರೆ ನಿಮ್ಮ ಲ್ಯಾಪ್‌ಟಾಪ್ ಇರುವ ಪೋರ್ಟನ್ನೇ ‘ಎರರ್ ಡಿಸೇಬಲ್’ ಮಾಡಿಬಿಡುತ್ತದೆ. ‘--ಮ್ಯಾಕ್ಸ್-ರೇಟ್ 10’ ಹಾಕಿದರೆ ಇಡೀ /24 ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಅವಸರ ಏನಿಲ್ಲ.

ಸಕ್ಕರೆನಾಡು_ನೆಟ್

ಎರಡನೇದು ಸರ್ವರ್‌ನಲ್ಲಿರೋ ಆ್ಯಂಟಿವೈರಸ್ ಕೆಲ್ಸ ಕಣಣ್ಣ. ವಿಂಡೋಸ್ ಜೊತೆ ಬರೋ ಫೈರ್‌ವಾಲ್ ‘ಇವ್ನು ತುಂಬಾ ಪೋರ್ಟ್ ತಟ್ತಾವ್ನೆ’ ಅಂತ ಲೆಕ್ಕ ಇಟ್ಟು ಯಾರನ್ನೂ ಹೊರಗೆ ಹಾಕಲ್ಲ. ಅದು ನಿಯಮ ನೋಡುತ್ತೆ, ಬಿಡುತ್ತೆ ಇಲ್ಲ ಬೀಳಿಸುತ್ತೆ, ಅಷ್ಟೆ. ಲೆಕ್ಕ ಇಟ್ಟು ಸ್ವಲ್ಪ ಹೊತ್ತು ನಿಮ್ಮ ಐಪಿಯನ್ನೇ ತಡೆಯೋದು ಆ್ಯಂಟಿವೈರಸ್‌ನ ‘ನೆಟ್‌ವರ್ಕ್ ಅಟ್ಯಾಕ್ ಪ್ರೊಟೆಕ್ಷನ್’ ಥರದ ಭಾಗ. ಅರ್ಧಕ್ಕೆ ನಿಲ್ಲೋದು, ಪಿಂಗೂ ಹೋಗೋದು, ಬೇರೆಯವ್ರಿಗೆ ಏನೂ ಆಗದೆ ಇರೋದು, ಗಡಿಯಾರ ಇಟ್ಟಂಗೆ 10 ನಿಮಿಷಕ್ಕೆ ವಾಪಸ್ ಬರೋದು: ನಾಲ್ಕೂ ಅದರದ್ದೇ ಲಕ್ಷಣ. ಗೇಟ್‌ವೇ ಪೆಟ್ಟಿಗೆ ಮೇಲೆ ಅನುಮಾನ ಬೇಡ. ನೀವೂ ಸರ್ವರೂ ಒಂದೇ ಸಬ್‌ನೆಟ್, ಪ್ಯಾಕೆಟ್ ಸ್ವಿಚ್‌ನಲ್ಲೇ ಹಾದುಹೋಗುತ್ತೆ, ಗೇಟ್‌ವೇ ಅದನ್ನ ನೋಡೋದೇ ಇಲ್ಲ.

ಆದ್ರೂ ಊಹೆ ಮೇಲೆ ಕೈ ಹಾಕಬೇಡಿ, ಎರಡೂ ತುದಿ ನೋಡಿ. ‘ಫಿಲ್ಟರ್ಡ್’ ಅಂದ್ರೆ ಪೋರ್ಟ್ ಮುಚ್ಚಿದೆ ಅಂತ ಅಲ್ಲ. ಸಿನ್ ಕಳಿಸಿದ್ದಕ್ಕೆ ಸಿನ್-ಆ್ಯಕ್ ಬಂದ್ರೆ ಓಪನ್, ಆರ್‌ಎಸ್‌ಟಿ ಬಂದ್ರೆ ಕ್ಲೋಸ್ಡ್. ಏನೂ ಬರದಿದ್ರೆ, ಇಲ್ಲಾ ನಡುವೆ ಯಾರೋ ಐಸಿಎಂಪಿ ‘ತಲುಪಲ್ಲ’ ಅಂತ ಹೇಳಿದ್ರೆ ಫಿಲ್ಟರ್ಡ್. ಅದು ಪೋರ್ಟಿನ ಸುದ್ದಿ ಅಲ್ಲ, ದಾರಿ ಸುದ್ದಿ. ದಾರೀಲಿ ಎಲ್ಲಿ ಬಿತ್ತು ಅನ್ನೋದು ಸ್ಕ್ಯಾನ್ ಮಾಡೋ ಕಡೆಯಿಂದ ಎಷ್ಟು ಗುದ್ದಾಡಿದ್ರೂ ಪೂರ್ತಿ ಗೊತ್ತಾಗಲ್ಲ.

ಸರ್ವರ್‌ನಲ್ಲಿ ವೈರ್‌ಶಾರ್ಕ್ (ಹೋಗಿಬರೋ ಪ್ಯಾಕೆಟ್ ತೋರಿಸೋ ಸಾಧನ) ತೆರೆದು ನಿಮ್ಮ ಲ್ಯಾಪ್‌ಟಾಪ್ ಐಪಿಗೆ ಫಿಲ್ಟರ್ ಹಾಕಿ. ಎನ್‌ಪಿಕ್ಯಾಪ್ ಪ್ಯಾಕೆಟ್ ಹಿಡಿಯೋದು ವಿಂಡೋಸ್ ಫೈರ್‌ವಾಲ್‌ಗಿಂತ ಕೆಳಗಡೆ, ಹಂಗಾಗಿ ಫೈರ್‌ವಾಲ್ ಬೀಳಿಸೋ ಪ್ಯಾಕೆಟ್ಟೂ ಕಾಣುತ್ತೆ. ಲಿನಕ್ಸ್‌ನಲ್ಲಿ ಟಿಸಿಪಿಡಂಪೂ ಒಳಕ್ಕೆ ಬರೋ ಪ್ಯಾಕೆಟ್‌ಗೆ ಹಿಂಗೇನೇ, ಐಪಿಟೇಬಲ್ಸ್ ಫೈರ್‌ವಾಲ್‌ಗಿಂತ ಮುಂಚೆ. ಈಗ ಲ್ಯಾಪ್‌ಟಾಪ್‌ನಿಂದ ಒಂದೇ ಪೋರ್ಟ್, 9000 ಅನ್ನಿ, ‘--ರೀಸನ್’ ಮತ್ತೆ ‘--ಪ್ಯಾಕೆಟ್-ಟ್ರೇಸ್’ ಹಾಕಿ ತಟ್ಟಿ. ಸಿನ್ ಸರ್ವರ್‌ವರೆಗೆ ಬಂದು ಉತ್ತರ ಹೊರಡದಿದ್ರೆ ಸರ್ವರ್ ಒಳಗಿನ ತಡೆ. ಸಿನ್ನೇ ಬರದಿದ್ರೆ ನಡುವೆ ಯಾರೋ ನುಂಗವ್ರೆ. ಉತ್ತರ ಹೊರಟು ನಿಮಗೆ ಮುಟ್ಟದಿದ್ರೆ ವಾಪಸ್ ದಾರಿ ಬೇರೆ ಅದೆ, ರೂಟಿಂಗ್ ನೋಡಿ. ಈ ಮೂರರಲ್ಲಿ ಯಾವುದು ಅಂತ ಗೊತ್ತಾದ ಮೇಲೇನೇ ನಿಯಮ ತಿದ್ದೋ ಮಾತು.

ಆ್ಯಂಟಿವೈರಸ್ ಅಂತ ಖಾತ್ರಿ ಆದ್ರೆ ಅದರ ಕನ್ಸೋಲ್‌ನಲ್ಲಿ ನಿಮ್ಮ ಸ್ಕ್ಯಾನ್ ಯಂತ್ರಕ್ಕೆ ಒಂದು ಸ್ಥಿರ ಐಪಿ ಕೊಟ್ಟು, ಆ ಒಂದು ಐಪಿಗೆ, ಆಡಿಟ್ ಇರೋ ಹೊತ್ತಿಗೆ ಮಾತ್ರ ವಿನಾಯ್ತಿ ಕೊಡಿ. ಮುಗಿದ ಮೇಲೆ ತೆಗೀರಿ. ಪ್ಯಾಕೆಟ್ ತುಂಡು ಮಾಡಿ ಕಳಿಸೋದು, ಮೂಲ ಪೋರ್ಟ್ 53 ಅಂತ ವೇಷ ಹಾಕೋದು, ಇವೆಲ್ಲಾ ಹೇಳಿಕೊಡೋರು ಸಿಗ್ತಾರೆ. ನಿಮ್ಮದೇ ಮನೇಲಿ ನೀವು ಕಳ್ಳಗಿಂಡಿ ಹುಡುಕೋ ಅಗತ್ಯ ಇಲ್ಲ. ಕೀಲಿ ನಿಮ್ಮ ಕೈಲೇ ಅದೆ. ಇನ್ನೊಂದು, ಆ ತಡೆ ಬಿದ್ದ ಸಮಯ, ಐಪಿ, ಲಾಗ್ ಎಲ್ಲಾ ಎತ್ತಿಟ್ಕೊಳ್ಳಿ. ಸ್ಕ್ಯಾನ್ ಪತ್ತೆ ಆಗ್ತದೆ ಅನ್ನೋದಕ್ಕೆ ಆಡಿಟ್‌ನಲ್ಲಿ ಅದೇ ಒಳ್ಳೇ ಸಾಕ್ಷಿ.

ಕಾವೇರಿತೀರ

ಮೂರನೆಯದರ ಬಗ್ಗೆ. ಸಾವಿರಕ್ಕೆ ಸಾವಿರ ‘ಓಪನ್’ ಎಂದರೆ ಉತ್ತರ ಕೊಡುತ್ತಿರುವುದು ಸರ್ವರ್ ಅಲ್ಲ, ಹೂಟಗಳ್ಳಿಯ ಫೈರ್‌ವಾಲ್ ಪೆಟ್ಟಿಗೆ. ಸಿನ್ ಫ್ಲಡ್ ರಕ್ಷಣೆ, ಸಿನ್ ಪ್ರಾಕ್ಸಿ ಎಂದು ಅದರ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ. ಸೆಕೆಂಡಿಗೆ ಇಷ್ಟಕ್ಕಿಂತ ಹೆಚ್ಚು ಸಿನ್ ಬಂದರೆ ಪೆಟ್ಟಿಗೆ ತಾನೇ ಸರ್ವರ್ ಪರವಾಗಿ ಸಿನ್-ಆ್ಯಕ್ ಕಳಿಸುತ್ತದೆ. ಆ ಕಡೆಯವರು ಆ್ಯಕ್ ಕೊಟ್ಟು ಕೈಕುಲುಕು ಪೂರ್ತಿ ಮಾಡಿದರೆ ಮಾತ್ರ ನಿಜವಾದ ಸರ್ವರ್‌ಗೆ ಸಂಪರ್ಕ ತೆರೆಯುತ್ತದೆ. ಎನ್‌ಮ್ಯಾಪ್‌ನ ಸಿನ್ ಸ್ಕ್ಯಾನ್ ಕೈಕುಲುಕನ್ನು ಎಂದೂ ಪೂರ್ತಿ ಮಾಡುವುದಿಲ್ಲ. ಹಾಗಾಗಿ ಸರ್ವರ್‌ಗೆ ಒಂದು ಪ್ಯಾಕೆಟ್ಟೂ ತಲುಪಿರುವುದಿಲ್ಲ, ಎನ್‌ಮ್ಯಾಪ್ ಮಾತ್ರ ಎಲ್ಲವನ್ನೂ ‘ಓಪನ್’ ಎಂದು ಬರೆದುಕೊಳ್ಳುತ್ತದೆ.

ಸಾಬೀತು ಮಾಡಲು ಟಿಟಿಎಲ್ ನೋಡಿ, ಪ್ರತಿ ಗೇಟ್‌ವೇ ದಾಟಿದಾಗ ಒಂದು ಕಡಿಮೆಯಾಗುವ ಅಂಕಿ ಅದು. ‘--ರೀಸನ್ -ವಿ’ ಹಾಕಿದರೆ ಪ್ರತಿ ಪೋರ್ಟಿನ ಪಕ್ಕ ಉತ್ತರದ ಟಿಟಿಎಲ್ ಬರುತ್ತದೆ (ಸಿನ್ ಸ್ಕ್ಯಾನ್‌ನಲ್ಲಿ ಮಾತ್ರ, ಕನೆಕ್ಟ್ ಸ್ಕ್ಯಾನ್‌ನಲ್ಲಿ ಸಿಗುವುದಿಲ್ಲ). ವಿಂಡೋಸ್ 128ರಿಂದ ಹೊರಡಿಸುತ್ತದೆ. ನಡುವೆ ಎರಡು ಗೇಟ್‌ವೇ ದಾಟಿದರೆ ನಿಮಗೆ ತಲುಪುವಾಗ 126. ಲಿನಕ್ಸ್ ಆಧಾರಿತ ಪೆಟ್ಟಿಗೆ 64ರಿಂದ ಹೊರಡಿಸುತ್ತದೆ, ತೂಬಿನಕೆರೆಯ ಗೇಟ್‌ವೇ ಒಂದೇ ದಾಟಿದರೆ 63. ಪಿಂಗ್‌ಗೆ 126, ಪೋರ್ಟ್‌ಗಳಿಗೆ 63 ಎಂದಾದರೆ ಇಬ್ಬರು ಬೇರೆ ಬೇರೆ ಮಾತಾಡುತ್ತಿದ್ದಾರೆ ಎಂದರ್ಥ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ‘--ಮ್ಯಾಕ್ಸ್-ರೇಟ್ 5’ ಇಟ್ಟು ಹತ್ತೇ ಪೋರ್ಟ್ ತಟ್ಟಿ. ಮಿತಿ ಮುಟ್ಟದ ಕಾರಣ ಪೆಟ್ಟಿಗೆ ಮಧ್ಯೆ ಬಾಯಿ ಹಾಕುವುದಿಲ್ಲ, ನಿಜವಾದ ಉತ್ತರ ಬರುತ್ತದೆ. ವೇಗ ಏರಿಸಿದಾಗ ಮತ್ತೆ ಎಲ್ಲ ‘ಓಪನ್’ ಆದರೆ ಸಂಶಯವೇ ಉಳಿಯುವುದಿಲ್ಲ. ‘-ಎಸ್‌ವಿ’ (ವಿ ದೊಡ್ಡಕ್ಷರ) ಹಾಕಿದಾಗ ಸಾಲುಸಾಲಾಗಿ ‘ಟಿಸಿಪಿರ‍್ಯಾಪ್ಡ್’ ಎಂದು ಬರುವುದೂ ಇದೇ ಕಾರಣಕ್ಕೆ: ಕೈಕುಲುಕು ಆಯಿತು, ಒಂದು ಅಕ್ಷರವೂ ಬರದೆ ಸಂಪರ್ಕ ಕಡಿಯಿತು.

ಸಿನ್ ಫ್ಲಡ್ ರಕ್ಷಣೆಯನ್ನು ಆಫ್ ಮಾಡಬೇಡಿ. ಆಡಿಟ್ ಪಟ್ಟಿಗೆ ಸ್ಕ್ಯಾನ್ ಹೂಟಗಳ್ಳಿಯ ಒಳಗಿಂದಲೇ ಮಾಡಿ. ತೂಬಿನಕೆರೆಯಿಂದ ಮಾಡುವುದು ‘ಗೋದಾಮಿನಲ್ಲಿ ಕೂತವರಿಗೆ ಏನು ಕಾಣುತ್ತದೆ’ ಎಂಬ ಬೇರೆಯೇ ಪ್ರಶ್ನೆಗೆ ಉತ್ತರ. ಎರಡನ್ನೂ ಬೇರೆ ಬೇರೆ ಪಟ್ಟಿಯಾಗಿ ಕೊಡಿ.

ವಿಪಿಎನ್ ಮೂಲಕ ಇಡೀ ಸಬ್‌ನೆಟ್ ಒಂದೇ ಏಟಿಗೆ ಸ್ಕ್ಯಾನ್ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. 254 ವಿಳಾಸಕ್ಕೆ 1000 ಪೋರ್ಟ್ ಅಂದರೆ 2,54,000 ಪ್ರಯತ್ನ. ಲಿನಕ್ಸ್ ಆಧಾರಿತ ಗೇಟ್‌ವೇ ಒಂದೊಂದಕ್ಕೂ ಕಾನ್‌ಟ್ರ್ಯಾಕ್ (ಸಂಪರ್ಕಗಳ ಲೆಕ್ಕ ಇಡುವ) ಪಟ್ಟಿಯಲ್ಲಿ ಒಂದು ಸಾಲು ಬರೆಯುತ್ತದೆ. ಉತ್ತರ ಬರದ ಸಿನ್‌ನ ಸಾಲು ಮಾಮೂಲಿಯಾಗಿ 120 ಸೆಕೆಂಡ್ ಅಲ್ಲೇ ಇರುತ್ತದೆ. ಪಟ್ಟಿಯ ಮಿತಿ 65,536 ಆಗಿದ್ದರೆ ಬೇಗ ತುಂಬಿ ಹೊಸ ಸಂಪರ್ಕ ಎಲ್ಲರಿಗೂ ನಿಲ್ಲುತ್ತದೆ. ಲಾಗ್‌ನಲ್ಲಿ ‘ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಎಂದು ಕಾಣುತ್ತದೆ. ಗೋದಾಮಿನ ಬಿಲ್ಲಿಂಗ್ ನಿಂತುಹೋದರೆ ಆಡಿಟ್‌ಗಿಂತ ದೊಡ್ಡ ತಲೆನೋವು. ಸೆಕೆಂಡಿಗೆ 100ರ ಮಿತಿ ಇಟ್ಟರೆ ಒಂದು ಯಂತ್ರದ ಎಲ್ಲ 65,535 ಟಿಸಿಪಿ ಪೋರ್ಟ್‌ಗೆ ಸುಮಾರು 11 ನಿಮಿಷ, ಮರುಪ್ರಯತ್ನ ಸೇರಿದರೆ ಅದಕ್ಕಿಂತ ಹೆಚ್ಚು. ಅಷ್ಟು ಕಾಯಬಹುದು.

ವಿಪಿಎನ್ ವೈರ್‌ಗಾರ್ಡ್ ಆಗಿದ್ದರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಸಹ ನೋಡಿ. ಪೋರ್ಟ್ ‘ಓಪನ್’ ಬಂದು, ವರ್ಷನ್ ಪತ್ತೆ ಅಥವಾ ಸರ್ಟಿಫಿಕೇಟ್ ಓದುವಾಗ ನೇತಾಡಿದರೆ ಅದೇ ಇರಬಹುದು. ಸಿನ್ ಚಿಕ್ಕ ಪ್ಯಾಕೆಟ್, ದಾಟುತ್ತದೆ. ಸರ್ಟಿಫಿಕೇಟ್ ದೊಡ್ಡದು, ಸಿಕ್ಕಿಕೊಳ್ಳುತ್ತದೆ. ವೈರ್‌ಗಾರ್ಡ್‌ನ ಮಾಮೂಲಿ ಎಂಟಿಯು 1420. ವಿಂಡೋಸ್‌ನಿಂದ ‘ಪಿಂಗ್ -ಎಫ್ -ಎಲ್ 1392’ ಕೊಡಿ, 28 ಬೈಟ್ ತಲೆಬರಹ ಸೇರಿ 1420 ಆಗುತ್ತದೆ. ಅದು ಹೋಗದೆ ಇನ್ನೂ ಚಿಕ್ಕದು ಹೋದರೆ ನಿಜವಾದ ಅಗಲ ಇನ್ನೂ ಕಡಿಮೆ ಇದೆ. ಗೇಟ್‌ವೇಯಲ್ಲಿ ಎಂಎಸ್‌ಎಸ್ ಕ್ಲ್ಯಾಂಪ್ (ಟಿಸಿಪಿ ತುಣುಕಿನ ಗಾತ್ರಕ್ಕೆ ಮಿತಿ) ಹಾಕಬೇಕು, 1420ಕ್ಕೆ 1380.

ಪ್ಯಾಕೆಟ್_ಮೈಸೂರು

ಕಾರ್ಖಾನೆ ಎಂದಿರಿ, ಹಾಗಾಗಿ ಇದನ್ನು ಹೇಳಲೇಬೇಕು. ಪಿಎಲ್‌ಸಿ (ಯಂತ್ರ ನಡೆಸುವ ಕಂಟ್ರೋಲರ್) ಇರುವ ನೆಟ್‌ವರ್ಕ್ ಅನ್ನು ಶಿಫ್ಟ್ ನಡೆಯುವಾಗ ಮುಟ್ಟಬೇಡಿ. ಹಳೆಯ ಕಂಟ್ರೋಲರ್‌ಗಳಲ್ಲಿ ಕೆಲವು ಸಂಪರ್ಕಗಳಿಗಷ್ಟೇ ಜಾಗ ಇರುತ್ತದೆ. ಬರೀ ಕನೆಕ್ಟ್ ಸ್ಕ್ಯಾನ್‌ಗೇ ಸಂವಹನ ನಿಂತು ಲೈನ್ ಸ್ಟಾಪ್ ಆಗಬಹುದು. 502 (ಮಾಡ್‌ಬಸ್) ಅಥವಾ 102 (ಸೀಮೆನ್ಸ್ ಎಸ್7) ತೆರೆದಿರುವ ಯಂತ್ರಗಳ ಐಪಿಯನ್ನು ನಿರ್ವಹಣಾ ವಿಭಾಗದಿಂದ ಮೊದಲೇ ಪಡೆದು ‘--ಎಕ್ಸ್‌ಕ್ಲೂಡ್’ನಲ್ಲಿ ಹಾಕಿ. ಅವುಗಳ ಪಟ್ಟಿ ಸ್ವಿಚ್‌ನ ಮ್ಯಾಕ್ ಟೇಬಲ್ ನೋಡಿ ಬರೆದರೂ ಆಡಿಟ್‌ಗೆ ನಡೆಯುತ್ತದೆ.

ಪ್ರಿಂಟರ್‌ನ 9100 ಪೋರ್ಟ್ ವಿಷಯವೂ ಅಷ್ಟೇ. ಅಲ್ಲಿಗೆ ಏನು ಕಳಿಸಿದರೂ ಕೆಲವು ಪ್ರಿಂಟರ್‌ಗಳು ಕಾಗದದ ಮೇಲೆ ಅಚ್ಚು ಹಾಕುತ್ತವೆ. ಅದಕ್ಕೇ ಎನ್‌ಮ್ಯಾಪ್ ವರ್ಷನ್ ಪತ್ತೆಯಿಂದ 9100ರಿಂದ 9107ರವರೆಗಿನ ಟಿಸಿಪಿ ಪೋರ್ಟ್‌ಗಳನ್ನು ತಾನೇ ಹೊರಗಿಡುತ್ತದೆ. ‘--ಆಲ್‌ಪೋರ್ಟ್ಸ್’ ಹಾಕಿ ಆ ತಡೆಯನ್ನು ತೆಗೆಯಬೇಡಿ.

ಅನುಮತಿ ಪತ್ರದಲ್ಲಿ ಐಪಿ ಶ್ರೇಣಿ, ದಿನಾಂಕ, ಸಮಯ ಬರೆಸಿಕೊಂಡಿದ್ದೀರಾ? ಅನುಮತಿಯಿಲ್ಲದ ಪ್ರವೇಶಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂ ಅನ್ವಯಿಸಬಹುದು. ಒಂದು ಅಂಕಿ ತಪ್ಪಿ ಪಕ್ಕದವರ ಶ್ರೇಣಿಗೆ ಹೋದರೆ ಪತ್ರ ನಿಮ್ಮನ್ನು ಕಾಪಾಡುವುದಿಲ್ಲ.

ಹೂಟಗಳ್ಳಿ_ಐಟಿ

ಎಲ್ಲರಿಗೂ ಧನ್ಯವಾದ. ವಿಂಡೋಸ್ ಎನ್‌ಮ್ಯಾಪ್, ಕೇಬಲ್, ಅಡ್ಮಿನ್ ಹಕ್ಕು: 43 ಯಂತ್ರ ಸಿಕ್ಕವು, ಎಲ್ಲದಕ್ಕೂ ಮ್ಯಾಕ್ ವಿಳಾಸ ಬಂತು. ಸರ್ವರ್‌ನ ವೈರ್‌ಶಾರ್ಕ್‌ನಲ್ಲಿ ಸಿನ್ ಬರುತ್ತಿತ್ತು, ಉತ್ತರ ಹೊರಡುತ್ತಿರಲಿಲ್ಲ. ಆ್ಯಂಟಿವೈರಸ್ ಲಾಗ್‌ನಲ್ಲಿ ‘ಪೋರ್ಟ್ ಸ್ಕ್ಯಾನ್’ ಎಂದೇ ಬರೆದಿತ್ತು. ತೂಬಿನಕೆರೆಯಿಂದ ಟಿಟಿಎಲ್ ಪಿಂಗ್‌ಗೆ 126, ಪೋರ್ಟ್‌ಗಳಿಗೆ 63. ಪಿಎಲ್‌ಸಿಗಳನ್ನು ಹೊರಗಿಟ್ಟಿದ್ದೇವೆ, ಅನುಮತಿ ಪತ್ರದಲ್ಲಿ ಶ್ರೇಣಿ ಮತ್ತು ಸಮಯ ಇದೆ.

ಎರಡು ಉಳಿದಿವೆ. 192.168.10.45 ವಿಂಡೋಸ್ ಪಿಸಿಯಲ್ಲಿ ಲೇಬಲ್ ಮುದ್ರಣದ ಸಾಫ್ಟ್‌ವೇರ್ 8080ರಲ್ಲಿ ಓಡುತ್ತದೆ. ಅದೇ ಪಿಸಿಯಲ್ಲಿ ತೆರೆಯುತ್ತದೆ, ಬೇರೆ ಎಲ್ಲಿಂದಲೂ ‘ಫಿಲ್ಟರ್ಡ್’. ನೆಟ್‌ಸ್ಟ್ಯಾಟ್‌ನಲ್ಲಿ 0.0.0.0:8080 (ಎಲ್ಲ ವಿಳಾಸದಲ್ಲೂ ಕೇಳಿಸಿಕೊಳ್ಳುತ್ತಿದೆ) ಎಂದೇ ಇದೆ, ಫೈರ್‌ವಾಲ್‌ನಲ್ಲಿ 8080ಕ್ಕೆ ಅನುಮತಿ ನಿಯಮವೂ ಹಾಕಿದ್ದೇನೆ. ಇನ್ನೊಂದು ತದ್ವಿರುದ್ಧ: 192.168.10.30 ಉಬುಂಟುವಿನಲ್ಲಿ ಅದರ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಒಳಬರುವ ಎಲ್ಲವನ್ನೂ ತಡೆದಿದೆ, ಆದರೂ 3306 ‘ಓಪನ್’.

ಸಕ್ಕರೆನಾಡು_ನೆಟ್

8080ದು: ಆ ಸಾಫ್ಟ್‌ವೇರ್ ಮೊದಲ ಸಲ ಓಡಿದಾಗ ವಿಂಡೋಸ್ ‘ಅನುಮತಿಸಬೇಕೇ’ ಅಂತ ಕೇಳಿರ್ತದೆ. ಯಾರೋ ‘ಕ್ಯಾನ್ಸಲ್’ ಒತ್ತವ್ರೆ. ಆಗ ಆ ಪ್ರೋಗ್ರಾಮ್ ಹೆಸರಲ್ಲಿ ಎರಡು ಬ್ಲಾಕ್ ನಿಯಮ ಕೂರ್ತವೆ, ಟಿಸಿಪಿಗೊಂದು ಯುಡಿಪಿಗೊಂದು. ವಿಂಡೋಸ್ ಫೈರ್‌ವಾಲ್‌ನಲ್ಲಿ ಬ್ಲಾಕ್ ನಿಯಮ ಅನುಮತಿ ನಿಯಮಕ್ಕಿಂತ ಮೇಲು. ನೀವು ಹತ್ತು ಅನುಮತಿ ಹಾಕಿದ್ರೂ ಅಷ್ಟೆ. ಇನ್‌ಬೌಂಡ್ ರೂಲ್ಸ್‌ನಲ್ಲಿ ಕೆಂಪು ಗುರುತಿರೋವನ್ನ ಹುಡುಕಿ ಆ ಎರಡು ತೆಗೀರಿ. ಜೊತೆಗೆ ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಅಂತ ಅದೆಯಾ ನೋಡಿ, ನಿಮ್ಮ ಅನುಮತಿ ಬರೀ ‘ಪ್ರೈವೇಟ್’ಗೆ ಇದ್ರೆ ಅದೂ ನಾಟಲ್ಲ. ಆಮೇಲೂ ಬಗೆಹರೀದಿದ್ರೆ ಬಿದ್ದ ಪ್ಯಾಕೆಟ್‌ಗಳ ಲಾಗಿಂಗ್ ಆನ್ ಮಾಡಿ, ಮಾಮೂಲಿಯಾಗಿ ಆಫ್ ಇರ್ತದೆ. ಸಿಸ್ಟಮ್32 ಒಳಗೆ ಲಾಗ್‌ಫೈಲ್ಸ್, ಅದರೊಳಗೆ ಫೈರ್‌ವಾಲ್ ಫೋಲ್ಡರ್, ಅಲ್ಲಿ ಪಿಫೈರ್‌ವಾಲ್.ಲಾಗ್ ಸಿಗ್ತದೆ.

ಕಾವೇರಿತೀರ

3306 ಡಾಕರ್ ಕಂಟೇನರ್‌ನಲ್ಲಿರುವ (ಪ್ರೋಗ್ರಾಮನ್ನು ಪ್ರತ್ಯೇಕ ಪೆಟ್ಟಿಗೆಯಂತೆ ಓಡಿಸುವ ವ್ಯವಸ್ಥೆ) ಮೈಎಸ್‌ಕ್ಯೂಎಲ್ ಡೇಟಾಬೇಸ್ ಇರಬೇಕು. ಕಂಟೇನರ್ ಪೋರ್ಟ್ ಹೊರಗೆ ಬಿಟ್ಟಾಗ ಡಾಕರ್ ತನ್ನದೇ ಐಪಿಟೇಬಲ್ಸ್ ನಿಯಮ ಬರೆಯುತ್ತದೆ. ಪ್ಯಾಕೆಟ್ಟಿನ ವಿಳಾಸ ಮೊದಲೇ ಕಂಟೇನರ್‌ನದ್ದಾಗಿ ಬದಲಾಗಿ ಫಾರ್ವರ್ಡ್ ದಾರಿ ಹಿಡಿಯುತ್ತದೆ. ಯುಎಫ್‌ಡಬ್ಲ್ಯೂನ ತಡೆ ಇರುವುದು ಇನ್‌ಪುಟ್ ದಾರಿಯಲ್ಲಿ. ಎರಡೂ ಭೇಟಿಯಾಗುವುದೇ ಇಲ್ಲ. ‘ಯುಎಫ್‌ಡಬ್ಲ್ಯೂ ಸ್ಟೇಟಸ್’ ಎಲ್ಲ ಮುಚ್ಚಿದೆ ಎಂದೇ ತೋರಿಸುತ್ತಿರುತ್ತದೆ. ನಿಮ್ಮ ಆಡಿಟ್ ಪಟ್ಟಿಯಲ್ಲಿ ಇದೇ ಅತಿ ಗಂಭೀರವಾದದ್ದು, ಇಂದೇ ಸರಿಪಡಿಸಿ.

ಡೇಟಾಬೇಸ್ ಅದೇ ಯಂತ್ರದ ಪ್ರೋಗ್ರಾಮ್‌ಗಳಿಗೆ ಮಾತ್ರ ಬೇಕಿದ್ದರೆ ಡಾಕರ್‌ನ ಕಂಪೋಸ್ ಫೈಲ್‌ನಲ್ಲಿ 3306:3306 ಇರುವಲ್ಲಿ 127.0.0.1:3306:3306 ಎಂದು ಬರೆದು ಕಂಟೇನರ್ ಅನ್ನು ಹೊಸದಾಗಿ ಎಬ್ಬಿಸಿ. ಬರೀ ರೀಸ್ಟಾರ್ಟ್ ಸಾಲದು. ಬೇರೆ ಒಂದೆರಡು ಐಪಿಗೂ ಬೇಕಿದ್ದರೆ ‘ಡಾಕರ್-ಯೂಸರ್’ ಚೈನ್‌ನಲ್ಲಿ (ಐಪಿಟೇಬಲ್ಸ್ ನಿಯಮಗಳ ಸರಣಿ) ನಿಯಮ ಹಾಕಬೇಕು. ಅಲ್ಲಿಗೆ ಬರುವಷ್ಟರಲ್ಲಿ ಪೋರ್ಟ್ ಕೂಡ ಕಂಟೇನರ್ ಒಳಗಿನದ್ದಾಗಿ ಬದಲಾಗಿರುತ್ತದೆ. ಹೊರಗೆ 3307, ಒಳಗೆ 3306 ಇದ್ದಾಗ ನಿಯಮ ಹಿಡಿಯದೆ ಹೋಗುವುದು ಇದರಿಂದಲೇ.

ಆಮೇಲೆ ಬೇರೆ ಯಂತ್ರದಿಂದ 3306 ಒಂದನ್ನೇ ‘--ರೀಸನ್’ ಹಾಕಿ ತಟ್ಟಿ. ಐಪಿವಿ6 ಬಳಕೆಯಲ್ಲಿದ್ದರೆ ‘-6’ ಸೇರಿಸಿ ಇನ್ನೊಮ್ಮೆ. ಈಗ ಪ್ಯಾಕೆಟ್ ಇನ್‌ಪುಟ್ ದಾರಿಗೆ ಬಂದು ಯುಎಫ್‌ಡಬ್ಲ್ಯೂ ಕೈಗೆ ಸಿಕ್ಕಿ ಬೀಳುತ್ತದೆ. ‘ಫಿಲ್ಟರ್ಡ್, ನೋ-ರೆಸ್ಪಾನ್ಸ್’ ಎಂದು ಬಂದರೆ ಈ ಸಲ ಅದೇ ಸರಿಯಾದ ಉತ್ತರ.